ಮಗುವಿನ ತೂಕ ಏರುತ್ತಿದೆಯಾ? ಮೊದಲು ಸಂಜೆಯ ಲೆಕ್ಕ ಬರೆಯಿರಿ

ನಾನು ಉಡುಪಿಯ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್. ಜೂನ್ ಬಂತೆಂದರೆ ಮಕ್ಕಳ ಎತ್ತರ, ತೂಕ ಬರೆಯುವುದು ನನ್ನ ಪಾಲಿನ ಕೆಲಸ. ಆ ಕಾರ್ಡು ಮನೆಗೆ ಹೋದ ಮರುದಿನವೇ ಫೋನು: "ಟೀಚರ್, ರಾತ್ರಿ ಅನ್ನ ನಿಲ್ಲಿಸ್ಬೇಕಾ?" ಅನ್ನದ ಸುದ್ದಿ ಆಮೇಲೆ ಮಾರಾಯ್ರೆ. ಶಾಲೆ ಬಿಟ್ಟಲ್ಲಿಂದ ಮಲಗುವವರೆಗೆ ಏನೇನಾಗುತ್ತದೆ, ಅದನ್ನು ಮೊದಲು ನೋಡಿ.

ಅದಕ್ಕೂ ಮುಂಚೆ ಅಳತೆ ಸರಿ ಇರಬೇಕು. ಶೂ ತೆಗೆಸಿ, ಗೋಡೆಗೆ ಬೆನ್ನು ತಾಗಿಸಿ ನಿಲ್ಲಿಸಿ. ಕೆಜಿ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಎಂದು ನೋಡುವ ಲೆಕ್ಕ. 1.4 ಮೀಟರ್, 39 ಕೆಜಿ ಇದ್ದರೆ ಸುಮಾರು 20. ದೊಡ್ಡವರ ಲೆಕ್ಕ ಇಲ್ಲಿ ನಡೆಯುವುದಿಲ್ಲ. 16 ವರ್ಷದವರಿಗೆ 20 ಸರಿಯೇ, 8 ವರ್ಷದ ಮಗುವಿಗೆ ಜಾಸ್ತಿ. ವಯಸ್ಸಿನ ಚಾರ್ಟ್ ಮಕ್ಕಳ ಡಾಕ್ಟರ ಹತ್ತಿರ ಇರುತ್ತದೆ.

ಈಗ ಒಂದು ಹಳೇ ನೋಟ್‌ಬುಕ್ ತೆಗೆದುಕೊಳ್ಳಿ. ಒಂದು ವಾರ ಬರೆಯಿರಿ: ಏನು ತಿಂದಿತು, ಎಷ್ಟು ಹೊತ್ತು ಕೂತಿತು, ತಿಂಡಿ ಕೊಟ್ಟವರು ಯಾರು. ಈ ಕೊನೆಯದನ್ನು ಬಿಡಬೇಡಿ.

ಆರನೇ ಕ್ಲಾಸಿನ ಒಬ್ಬ ಹುಡುಗನ ಮನೆಯವರು ಹೀಗೆ ಬರೆದು ತಂದಿದ್ದರು. ವ್ಯಾನ್ ಇಳಿದ ಕೂಡಲೇ ಬೇಕರಿಯ ಎಗ್ ಪಫ್ಸ್, ಅಜ್ಜ ಕೊಡಿಸಿದ್ದು. ಮನೆಯಲ್ಲಿ ಅಜ್ಜಿಯ ಬನ್ಸ್ ಎರಡು, ಜೊತೆಗೆ ಸಕ್ಕರೆ ಹಾಕಿದ ಹಾಲು. ಟ್ಯೂಷನ್‌ಗೆ ಅಮ್ಮನ ಸ್ಕೂಟರು, ದಾರಿಯೋ ಅರ್ಧ ಕಿಲೋಮೀಟರ್. ವಾಪಸ್ ಬರುವಾಗ ಅಪ್ಪ ಕಟ್ಟಿಸಿದ ಗೋಳಿಬಜೆ. ಊಟದ ಹೊತ್ತಿಗೆ ಮೊಬೈಲು. ಎಲ್ಲರೂ ಕೊಟ್ಟದ್ದು ಒಂದೊಂದೇ, ಆದರೆ ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತೇ ಇಲ್ಲ! ಹುಡುಗನಿಗೆ ಬೈದು ಏನು ಪ್ರಯೋಜನ?

ಹಾಗಾಗಿ ಸಂಜೆಯ ತಿಂಡಿ ಒಬ್ಬರದೇ ಜವಾಬ್ದಾರಿ ಇರಲಿ. ಮಧ್ಯಾಹ್ನ ಉಂಡ ಮಗುವಿಗೆ ನಾಲ್ಕಕ್ಕೆ ನಿಜವಾಗಿ ಹಸಿವಾಗಿರುತ್ತದೆ, ಸುಮ್ನೆ ಹಣ್ಣು ಕೊಟ್ಟರೆ ಸಾಲದು. ಕಡ್ಲೆ ಬಜಿಲ್ (ಕಡಲೆ ಉಸಲಿ, ಅವಲಕ್ಕಿ), ಬೇಯಿಸಿದ ಮೊಟ್ಟೆ, ಇಲ್ಲದಿದ್ದರೆ ಕುಚ್ಚಲಕ್ಕಿ ಗಂಜಿಗೆ ಹೆಸರುಕಾಳು ಪಲ್ಯ. ಕೋಲಾ ಮನೆಗೆ ತರಲೇಬೇಡಿ, 250 ಮಿ.ಲೀ.ಯಲ್ಲಿ ಐದಾರು ಚಮಚ ಸಕ್ಕರೆ. ಗಡ್‌ಬಡ್ ಐಸ್‌ಕ್ರೀಮ್ ಅಪರೂಪಕ್ಕೆ ತಿನ್ನಲಿ, ಪೂರ್ತಿ ತಿನ್ನಲಿ. ಶಾಲೆಯಿಂದ 50 ಮೀಟರ್ ಒಳಗೆ ಸಕ್ಕರೆ, ಉಪ್ಪು, ಕೊಬ್ಬು ಜಾಸ್ತಿ ಇರುವ ತಿಂಡಿ ಮಾರಬಾರದೆಂದು 2020ರ ನಿಯಮವಿದೆ. ಬೇಕರಿ 51ನೇ ಮೀಟರಿನಲ್ಲಿರುತ್ತದೆ, ಅದು ಬೇರೆ ಮಾತು.

ಮಕ್ಕಳಿಗೆ ದಿನಕ್ಕೆ 60 ನಿಮಿಷ ಮೈ ಬೆವರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನವೆಲ್ಲ ಕೆಸರು, ಪಿ.ಟಿ. ಪಿರಿಯಡ್ ಗಣಿತದವರ ಪಾಲು. (ಈ ಬಗ್ಗೆ ನನ್ನ ಜಗಳ ಇನ್ನೂ ಮುಗಿದಿಲ್ಲ.) ಮಳೆಗಾಲಕ್ಕೆ ಜಗಲಿಯಲ್ಲಿ ಸ್ಕಿಪ್ಪಿಂಗ್ ಆಗುತ್ತದೆ. ಹತ್ತಿರದಲ್ಲಿ ಯಕ್ಷಗಾನ ಕ್ಲಾಸ್ ಇದ್ದರೆ ಬಿಡಬೇಡಿ, ಅರ್ಧ ಗಂಟೆ ಹೆಜ್ಜೆ ಹಾಕಿದರೆ ಗೊತ್ತಾಗುತ್ತದೆ. 6ರಿಂದ 12 ವರ್ಷದವರಿಗೆ 9 ಗಂಟೆಯಾದರೂ ನಿದ್ದೆ ಬೇಕು. ನಿದ್ದೆ ಕಡಿಮೆಯಾದರೆ ಮರುದಿನ ತಿನ್ನುವ ಆಸೆ ಹೆಚ್ಚು.

"ಥೈರಾಯ್ಡ್ ಇರ್ಬೇಕು" ಎಂದು ಬಹಳ ಮಂದಿ ಹೇಳುತ್ತಾರೆ. ಅದು ಕಾರಣವಾಗುವುದು ಕಡಿಮೆ. ಆದರೆ ತೂಕ ಏರಿ ಎತ್ತರ ನಿಂತಿದ್ದರೆ, ಕುತ್ತಿಗೆಯ ಹಿಂದೆ ಕಪ್ಪು ದಪ್ಪ ಪಟ್ಟಿ ಕಂಡರೆ, ಗೊರಕೆ ಜೋರಿದ್ದರೆ ಡಾಕ್ಟರಿಗೆ ತೋರಿಸಿ. ಆ ಕಪ್ಪು ಕೊಳೆಯಲ್ಲ, ಉಜ್ಜಬೇಡಿ.

ವಾರ ವಾರ ತೂಕ ನೋಡುವುದು ಬೇಡ, ಮೂರು ತಿಂಗಳಿಗೊಮ್ಮೆ ಸಾಕು. ತೂಕ ಅಷ್ಟೇ ಇದ್ದು ಎತ್ತರ ಬೆಳೆದಿದ್ದರೆ ಕೆಲಸ ಸರಿಯಾಗಿ ನಡೆಯುತ್ತಿದೆ ಅಂತ ಲೆಕ್ಕ.