ಪೆನ್ಸಿಲ್ ಚಿತ್ರಕ್ಕೆ ಕಾಗದ: ತೂಕ ಕೇಳುವ ಮೊದಲು ಮೈ ಮುಟ್ಟಿ ನೋಡಿ

ಸ್ಟೇಷನರಿ ಅಂಗಡಿಗೆ ಹೋಗಿ ಡ್ರಾಯಿಂಗ್ ಶೀಟ್ ಕೊಡಿ ಎಂದರೆ ಅಂಗಡಿಯವರು ಮೊದಲು ಕೇಳುವುದು ಫುಲ್ ಶೀಟೋ ಹಾಫ್ ಶೀಟೋ ಎಂದು. ಅವರಿಗೆ ವಿಷಯ ಸ್ವಲ್ಪ ಗೊತ್ತಿದ್ದರೆ ಎಷ್ಟು ಜಿಎಸ್‌ಎಂ ಎಂದೂ ಕೇಳುತ್ತಾರೆ. ಎರಡಕ್ಕೂ ಉತ್ತರ ಕೊಟ್ಟು, ಹಾಳೆಯನ್ನು ಸುರುಳಿ ಸುತ್ತಿಸಿಕೊಂಡು ಮನೆಗೆ ಬಂದ ಮೇಲೂ, ಅದರ ಮೇಲೆ ನಮ್ಮ ಪೆನ್ಸಿಲ್ ಹೇಗೆ ಓಡುತ್ತದೆ ಎಂಬುದು ನಮಗೆ ತಿಳಿದಿರುವುದಿಲ್ಲ. ಹಾಳೆಯ ಅಳತೆ, ತೂಕಗಳಿಗಿಂತ ಅದರ ಮೇಲ್ಮೈ ಹೇಗಿದೆ ಎಂಬುದೇ ಪೆನ್ಸಿಲ್ ಕೆಲಸಕ್ಕೆ ಮುಖ್ಯ ಎಂಬುದು ನನ್ನ ಅನುಭವ. ಹಾಗಾಗಿ ಅಲ್ಲಿಂದಲೇ ಆರಂಭಿಸುತ್ತೇನೆ.

ನಾವು ರೂಢಿಯಲ್ಲಿ ಸೀಸ ಎನ್ನುವ ಪೆನ್ಸಿಲ್ಲಿನ ಕಡ್ಡಿಯಲ್ಲಿ ಸೀಸವಿಲ್ಲ, ಇರುವುದು ಗ್ರಾಫೈಟ್. ಅದು ಪದರ ಪದರವಾಗಿರುವ ಇಂಗಾಲ; ಪದರಗಳ ನಡುವಿನ ಹಿಡಿತ ಸಡಿಲವಾಗಿರುವುದರಿಂದ ಉಜ್ಜಿದರೆ ಸಣ್ಣ ಚಕ್ಕೆಗಳಾಗಿ ಕಳಚಿಕೊಳ್ಳುತ್ತದೆ. ಆದರೆ ಉಜ್ಜಿಸಿಕೊಳ್ಳಲು ಎದುರಿಗೆ ಸ್ವಲ್ಪ ಉರುಟುತನ ಬೇಕು. ಗಾಜಿನ ಮೇಲೆ ಪೆನ್ಸಿಲ್ ಜಾರುವುದು, ಮೈ ನುಣ್ಣಗಿರುವ ಸ್ಲೇಟಿನ ಮೇಲೆ ಬಳಪ ಹತ್ತದೇ ಇರುವುದು ಇದೇ ಕಾರಣಕ್ಕೆ. ಕಾಗದದ ಮೇಲ್ಮೈಯಲ್ಲಿ ಹೆಣೆದುಕೊಂಡಿರುವ ನಾರುಗಳ ಉಬ್ಬುತಗ್ಗುಗಳು ಅರದ ಹಾಗೆ ಗ್ರಾಫೈಟನ್ನು ಕೆರೆದು, ಕೆರೆದದ್ದನ್ನು ತಮ್ಮ ತಗ್ಗುಗಳಲ್ಲಿ ತುಂಬಿಕೊಳ್ಳುತ್ತವೆ. ಕಲಾಶಾಲೆಯವರು ಇದನ್ನು ಗ್ರೇನ್ ಎಂದೋ ಟೂತ್ ಎಂದೋ ಕರೆಯುತ್ತಾರೆ. ಕನ್ನಡದಲ್ಲಿ ತರಿ ಎಂದರೆ ಸಾಕು. ಈ ತಗ್ಗುಗಳು ಒಮ್ಮೆ ತುಂಬಿಹೋದರೆ ಮತ್ತೆಷ್ಟು ತಿಕ್ಕಿದರೂ ಕಪ್ಪು ಏರುವುದಿಲ್ಲ. ಮೇಲಿನ ಚಕ್ಕೆಗಳು ಮಟ್ಟಸವಾಗಿ ಮಲಗಿ ಬೆಳಕನ್ನು ಹಿಂದಕ್ಕೆ ಎಸೆಯತೊಡಗುತ್ತವೆ. ಮೆತ್ತನೆಯ 6ಬಿ ಪೆನ್ಸಿಲ್ ಹಚ್ಚಿದರೂ ಚಿತ್ರದ ಕೂದಲು ಕಪ್ಪಾಗುತ್ತಿಲ್ಲ, ಬರೀ ಮಿಂಚುತ್ತಿದೆ ಎಂದು ಕಲಿಯುವವರು ದೂರುವಾಗ ತಪ್ಪು ಅನೇಕ ಸಲ ಪೆನ್ಸಿಲ್ಲಿನದಾಗಿರುವುದಿಲ್ಲ, ಅತಿ ನಯವಾದ ಹಾಳೆಯದಾಗಿರುತ್ತದೆ.

ತರಿಯ ಪ್ರಮಾಣವನ್ನು ನೆನಪಿಟ್ಟುಕೊಳ್ಳಲು ನಾನು ಅಡುಗೆಮನೆಯ ಡಬ್ಬಿಗಳನ್ನು ಬಳಸಿಕೊಂಡಿದ್ದೇನೆ. ಪ್ಲೇಟ್ ಫಿನಿಶ್, ಅಂದರೆ ತೀರಾ ನಯವಾದ ಮೈ, ಇರುವ ಬ್ರಿಸ್ಟಲ್ ಬೋರ್ಡ್ ಎಂಬ ಗಟ್ಟಿ ಹಾಳೆ ಮೈದಾಹಿಟ್ಟಿನ ಹಾಗೆ, ಬೆರಳಿಗೆ ತರಿಯೇ ಸಿಗುವುದಿಲ್ಲ. ಬಿಸಿ ಉರುಳೆಗಳ ನಡುವೆ ಒತ್ತಿ ನಯಗೊಳಿಸುವ ಹಾಟ್ ಪ್ರೆಸ್ ಕಾಗದ ಅದಕ್ಕಿಂತ ಒಂದು ಗುಲಗಂಜಿಯಷ್ಟು ಮಾತ್ರ ಉರುಟು. ಸ್ಕೆಚ್ ಪುಸ್ತಕಗಳಲ್ಲಿ ಹೆಚ್ಚಾಗಿ ಸಿಗುವ ಕಾರ್ಟ್ರಿಜ್ ಕಾಗದ ಚಿರೋಟಿ ರವೆಯಂತೆ. ಹಿಂದೆ ಬಂದೂಕಿನ ಮದ್ದು ಸುತ್ತಲು ಬಳಸುತ್ತಿದ್ದುದರಿಂದ ಈ ಕಾಗದಕ್ಕೆ ಆ ಹೆಸರು ಅಂಟಿಕೊಂಡಿತಂತೆ. ಗಟ್ಟಿತನದ ಖ್ಯಾತಿಯೂ ಹಾಗೆಯೇ ಉಳಿದಿದೆ. ಜಲವರ್ಣದವರು ಇಷ್ಟಪಡುವ ಕೋಲ್ಡ್ ಪ್ರೆಸ್ ಕಾಗದ ಉಪ್ಪಿಟ್ಟಿನ ರವೆ, ರಫ್ ಎಂದು ಮಾರುವುದು ಗೋಧಿ ನುಚ್ಚು. ನುಚ್ಚಿನಂಥ ಹಾಳೆಯ ಮೇಲೆ ಪೆನ್ಸಿಲನ್ನು ಅಡ್ಡ ಹಿಡಿದು ಎಳೆದರೆ ಉಬ್ಬುಗಳಿಗೆ ಮಾತ್ರ ಬಣ್ಣ ಹತ್ತಿ, ತಗ್ಗುಗಳು ಬಿಳಿ ಚುಕ್ಕೆಗಳಾಗಿ ಉಳಿಯುತ್ತವೆ. ಕೆಲವು ಚಿತ್ರಗಳಿಗೆ ಅದು ವರ, ಕೆಲವಕ್ಕೆ ಶಾಪ.

ಹಾಗಾದರೆ ಯಾವ ತರಿ ಬೇಕು ಎಂಬುದನ್ನು ಎರಡು ಸಂಗತಿಗಳಿಂದ ನಿಶ್ಚಯಿಸಬೇಕು: ನಿಮ್ಮ ಕೈಯಲ್ಲಿರುವ ಪೆನ್ಸಿಲ್ ಯಾವುದು, ಬರೆಯಹೊರಟಿರುವುದು ಏನು. ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ ಸುಡುವ ವಿಧಾನವನ್ನು ಫ್ರಾನ್ಸಿನ ಕಾಂಟೆ 1795ರಲ್ಲಿ ರೂಪಿಸಿದ. ಇಂದಿಗೂ ಮಣ್ಣು ಹೆಚ್ಚಾದಷ್ಟೂ ಕಡ್ಡಿ ಗಟ್ಟಿ, ಎಚ್ ಕಡೆಗೆ. ಗ್ರಾಫೈಟ್ ಹೆಚ್ಚಾದಷ್ಟೂ ಮೆತ್ತಗೆ, ಬಿ ಕಡೆಗೆ. ಗಟ್ಟಿ ಪೆನ್ಸಿಲ್ ಬಿಟ್ಟುಕೊಡುವ ಪುಡಿ ಕಡಿಮೆ. ಆದ್ದರಿಂದ 2ಎಚ್, ಎಚ್‌ಬಿಗಳಿಂದ ಸೂಕ್ಷ್ಮ ಗೆರೆ ಎಳೆಯುವವರಿಗೆ ನಯವಾದ ಹಾಳೆಯೇ ಸರಿ, ಒರಟು ಹಾಳೆಯಲ್ಲಿ ಅವರ ಗೆರೆ ಉಬ್ಬಿನಿಂದ ಉಬ್ಬಿಗೆ ಹಾರುತ್ತಾ ತುಂಡುತುಂಡಾಗುತ್ತದೆ. 4ಬಿ, 6ಬಿ, 8ಬಿಗಳಿಂದ ದಟ್ಟ ನೆರಳು ತುಂಬುವವರಿಗೆ ಪುಡಿಯನ್ನು ಹಿಡಿದಿಡುವಷ್ಟು ಆಳದ ತಗ್ಗುಗಳು ಬೇಕು.

ವಸ್ತುವಿನ ವಿಚಾರಕ್ಕೆ ನಮ್ಮಲ್ಲೇ ಇರುವ ಎರಡು ಕಲ್ಲುಗಳನ್ನು ಎದುರುಬದುರು ಇಟ್ಟು ನೋಡಬಹುದು. ಬೇಲೂರಿನ ಮದನಿಕೆಯ ಕೊರಳಹಾರವನ್ನೋ ಸೊಂಟಪಟ್ಟಿಯ ಕುಸುರಿಯನ್ನೋ ಬಿಡಿಸುತ್ತಿದ್ದೀರಿ ಎನ್ನಿ. ಬಳಪದ ಕಲ್ಲು ಮೆದುವಾಗಿದ್ದರಿಂದಲೇ ಶಿಲ್ಪಿಗೆ ಆ ಕುಸುರಿ ಸಾಧ್ಯವಾಯಿತು; ಮಣಿಯಿಂದ ಮಣಿಗೆ ಇರುವ ಕೂದಲೆಳೆಯ ಅಂತರವನ್ನು ಕಾಗದದ ಮೇಲೆ ತರಬೇಕಾದರೆ ಹಾಟ್ ಪ್ರೆಸ್ಸೋ ಬ್ರಿಸ್ಟಲ್ಲೋ ಬೇಕು, ತರಿಯುಳ್ಳ ಹಾಳೆ ಅಲ್ಲಿ ಪ್ರತಿಯೊಂದು ಮಣಿಯ ಅಂಚನ್ನೂ ಕದಡಿಬಿಡುತ್ತದೆ. ಅದೇ ಹಂಪಿಯ ಹೇಮಕೂಟದ ಮೇಲೆ ಕೂತು ಸುತ್ತಲಿನ ಬಂಡೆಗಳನ್ನು ಬರೆಯುವುದಾದರೆ ಕೋಲ್ಡ್ ಪ್ರೆಸ್ ಹಾಳೆಯ ಮೇಲೆ 4ಬಿಯನ್ನು ಮಲಗಿಸಿ ಒಮ್ಮೆ ಎಳೆಯಿರಿ. ಕಣಶಿಲೆಯ ಮೈಯನ್ನು ಅರ್ಧದಷ್ಟು ಹಾಳೆಯೇ ಬರೆದುಕೊಡುತ್ತದೆ. ಮರದ ತೊಗಟೆ, ಹಂಚಿನ ಮಾಡು, ಕಂಬಳಿ ಇವೆಲ್ಲ ಈ ಎರಡನೆಯ ಗುಂಪಿನವು.

ಮುಖಚಿತ್ರ ನಡುವಿನದು, ಚರ್ಮಕ್ಕೆ ನಯವೂ ಬೇಕು, ಕೂದಲಿಗೆ ಕಪ್ಪೂ ಬೇಕು. ನನ್ನ ಆಯ್ಕೆ ಕಾರ್ಟ್ರಿಜ್ ಅಥವಾ ವೆಲ್ಲಮ್ ಫಿನಿಶ್, ಅಂದರೆ ಸ್ವಲ್ಪ ತರಿಯುಳ್ಳ ಮೈ, ಇರುವ ಬ್ರಿಸ್ಟಲ್. ಪೆನ್ಸಿಲ್ ಮುಖಚಿತ್ರಗಳಲ್ಲಿ ದೊಡ್ಡ ಹೆಸರಾದ ಫ್ರೆಂಚ್ ಕಲಾವಿದ ಆಂಗ್ರ್, 19ನೇ ಶತಮಾನದ ಆರಂಭದಲ್ಲಿ ರೋಮಿನಲ್ಲಿದ್ದಾಗ ಬರೆದ ಅಂಥ ಚಿತ್ರಗಳಿಗೆ ಗೆರೆಗಳಿಲ್ಲದ ನಯವಾದ ಬಿಳಿ ಕಾಗದವನ್ನೇ ಬಳಸುತ್ತಿದ್ದ. ತಮಾಷೆಯೆಂದರೆ, ಇಂದು ಆಂಗ್ರ್ ಪೇಪರ್ ಎಂದು ಅವನ ಹೆಸರಿನಲ್ಲಿ ಮಾರಾಟವಾಗುವುದು ಉದ್ದುದ್ದ ಗೀರುಗಳಿರುವ, ಇದ್ದಿಲು ಮತ್ತು ಪ್ಯಾಸ್ಟೆಲ್‌ಗೆ ಹೇಳಿಮಾಡಿಸಿದ ಕಾಗದ. ಹೆಸರು ನೋಡಿ ಕೊಳ್ಳಬೇಡಿ.

ಇನ್ನು ಜಿಎಸ್‌ಎಂ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬುದಷ್ಟೇ ಇದರ ಅರ್ಥ. ತರಿಯ ಬಗ್ಗೆಯಾಗಲಿ, ಗುಣಮಟ್ಟದ ಬಗ್ಗೆಯಾಗಲಿ ಇದು ಏನನ್ನೂ ಹೇಳುವುದಿಲ್ಲ. ಜೆರಾಕ್ಸ್ ಅಂಗಡಿಯ ಹಾಳೆ ಸಾಮಾನ್ಯವಾಗಿ 70ರಿಂದ 80 ಜಿಎಸ್‌ಎಂ, ಕೈ ಪಳಗಿಸುವ ಸ್ಕೆಚ್‌ಗಳಿಗೆ ಅದು ಧಾರಾಳವಾಗಿ ಸಾಕು. ಅಳಿಸಿ ತಿದ್ದಿ ಕೂತು ಮಾಡುವ ಕೆಲಸಕ್ಕೆ 130ರಿಂದ 160, ಹಲವು ದಿನ ಹಿಡಿಯುವ ಪದರು ಪದರಿನ ಕೆಲಸಕ್ಕೆ 200ರ ಮೇಲೆ ಇಟ್ಟುಕೊಂಡರೆ ಹಾಳೆ ಅಷ್ಟು ಸುಲಭವಾಗಿ ಸುಕ್ಕಾಗುವುದಿಲ್ಲ. ಬರೀ ಪೆನ್ಸಿಲ್ಲಿಗೆ 300 ಜಿಎಸ್‌ಎಂ ಅಗತ್ಯವೆಂದು ನನಗೆ ಅನಿಸುವುದಿಲ್ಲ. ಪ್ಯಾಡಿನ ಮೇಲೆ ಮುದ್ರಿಸಿದ ಅಂಕಿಯ ಮೇಲೆ ಅನುಮಾನ ಬಂದರೆ ಅದನ್ನು ಮನೆಯಲ್ಲೇ ತೂಗಿ ನೋಡಬಹುದು: ಎ4 ಹಾಳೆ ಎಂದರೆ ಒಂದು ಚದರ ಮೀಟರಿನ ಹದಿನಾರನೆಯ ಒಂದು ಭಾಗ, ಆದ್ದರಿಂದ 16 ಹಾಳೆಗಳನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿಟ್ಟರೆ ಬರುವ ಗ್ರಾಂಗಳ ಸಂಖ್ಯೆಯೇ ಅದರ ಜಿಎಸ್‌ಎಂ.

ತೂಕಕ್ಕಿಂತ ಹೆಚ್ಚಿನ ವ್ಯತ್ಯಾಸ ಮಾಡುವುದು, ಆದರೆ ರಟ್ಟಿನ ಮೇಲೆ ಅಪರೂಪಕ್ಕೆ ಬರೆದಿರುವುದು, ಸೈಜಿಂಗ್. ಕಾಟನ್ ಸೀರೆಗೆ ಗಂಜಿ ಹಾಕುವುದು ನಮಗೆಲ್ಲ ಗೊತ್ತಲ್ಲ, ಕಾಗದದ ಸೈಜಿಂಗೂ ಅದೇ ಜಾತಿಯದು. ಪಿಷ್ಟವನ್ನೋ ಜಿಲೆಟಿನ್ನನ್ನೋ ಬೇರೆ ರಾಸಾಯನಿಕವನ್ನೋ ತಿರುಳಿಗೆ ಬೆರೆಸುತ್ತಾರೆ, ಇಲ್ಲವೇ ಹಾಳೆಯ ಮೈಗೆ ಸವರುತ್ತಾರೆ. ಗಂಜಿ ಸರಿಯಾಗಿ ಕೂತ ಹಾಳೆಯಲ್ಲಿ ನಾರುಗಳು ಒಂದನ್ನೊಂದು ಬಿಡದೆ ಹಿಡಿದಿರುತ್ತವೆ, ರಬ್ಬರಿನ ಉಜ್ಜಾಟವನ್ನು ತಡೆಯುತ್ತವೆ. ಗಂಜಿ ಸಾಲದ ಹಾಳೆಯ ಪಾಡನ್ನು ನಾನು ನಮ್ಮಜ್ಜಿಯ ಮುಖ ಬರೆಯುವಾಗ ಕಂಡೆ. ಜುಲೈ ತಿಂಗಳು, ಹೊರಗೆ ಮೂರು ದಿನದಿಂದ ಬಿಡದ ಮಳೆ. ಹಾಳೆ 200 ಜಿಎಸ್‌ಎಂ ಎಂಬ ಧೈರ್ಯದಲ್ಲಿ ಎಡಗೆನ್ನೆಯ ಸುಕ್ಕುಗಳನ್ನು ಮೂರನೇ ಸಲ ಅಳಿಸಿದೆ. ಅಳಿಸಿದ ಜಾಗದಲ್ಲಿ ಹತ್ತಿಯಂಥ ನವಿರು ಎದ್ದು, ಮತ್ತೆ ಪೆನ್ಸಿಲ್ ತಾಗಿಸಿದ್ದೇ ತಡ, ಪುಡಿಯನ್ನೆಲ್ಲ ಹೀರಿಕೊಂಡು ಕೆನ್ನೆಯ ಮೇಲೆ ನಾಲ್ಕಾಣೆಯಷ್ಟು ಅಗಲದ ಬಂಗು ಕೂತುಬಿಟ್ಟಿತು. ಆ ಚಿತ್ರ ಅಲ್ಲಿಗೇ ನಿಂತಿದೆ.

ಅಂದಿನಿಂದ ಹೊಸ ಕಾಗದವನ್ನು ಒಂದೇ ಒಂದು ಬಿಡಿ ಹಾಳೆ ತಂದು ಪರೀಕ್ಷೆ ಮಾಡದೆ ಪ್ಯಾಡ್ ಕೊಳ್ಳುವುದಿಲ್ಲ. ಪರೀಕ್ಷೆಗೆ ಹತ್ತು ನಿಮಿಷ ಸಾಕು. ಮೊದಲು ಹಾಳೆಯನ್ನು ಕಿಟಕಿಯ ಬಳಿ ಕಣ್ಣಿನ ಮಟ್ಟಕ್ಕೆ ಓರೆಯಾಗಿ ಹಿಡಿದು ಎರಡೂ ಮುಖಗಳನ್ನು ನೋಡಬೇಕು. ತಯಾರಾಗುವಾಗ ತಂತಿಯ ಜಾಲರಿಗೆ ತಾಗಿದ ಮುಖದಲ್ಲಿ ಹಲವು ಕಾಗದಗಳಿಗೆ ನಿಯಮಿತವಾದ ಸಣ್ಣ ನೇಯ್ಗೆಯ ಗುರುತು ಕಾಣುತ್ತದೆ, ಇನ್ನೊಂದು ಮುಖದ ತರಿ ಯಾವ ಕ್ರಮವೂ ಇಲ್ಲದೆ ಚದುರಿರುತ್ತದೆ. ನೆರಳು ತುಂಬಿದಾಗ ಆ ನೇಯ್ಗೆ ಎದ್ದು ಕಾಣುವುದರಿಂದ ಕ್ರಮವಿಲ್ಲದ ಮುಖದ ಮೇಲೇ ಬರೆಯುವುದು ಒಳ್ಳೆಯದು. ಆ ಮುಖದ ಮೂಲೆಗೊಂದು ಸಣ್ಣ ಗುರುತು ಹಾಕಿಡಿ.

ಬಳಿಕ ಅಂಚಿನಿಂದ ಎರಡು ಇಂಚು ಅಗಲದ ಒಂದು ಪಟ್ಟಿ ಕತ್ತರಿಸಿ, ಅದರಲ್ಲಿ ಒಂದೊಂದು ಇಂಚಿನ ನಾಲ್ಕು ಚೌಕ ಹಾಕಿ 2ಎಚ್, ಎಚ್‌ಬಿ, 4ಬಿ, 6ಬಿಗಳನ್ನು ತುಂಬಿ. ಪ್ರತಿ ಚೌಕಕ್ಕೂ ಮೂರು ಪದರ, ಪ್ರತಿ ಪದರಕ್ಕೂ ಕೈಯ ದಿಕ್ಕು ಬೇರೆ. ಮೂರನೆಯ ಪದರದಲ್ಲೂ ಕಪ್ಪು ಏರುತ್ತಿದ್ದರೆ ತರಿಗೆ ಇನ್ನೂ ಹಸಿವಿದೆ ಎಂದರ್ಥ. ಎರಡನೆಯದಕ್ಕೇ ಮಿಂಚತೊಡಗಿದರೆ ಆ ಹಾಳೆಯನ್ನು ಗೆರೆಯ ಕೆಲಸಕ್ಕೆ ಇಟ್ಟುಕೊಳ್ಳಿ. ಈಗ ಪ್ರತಿ ಚೌಕದ ಅರ್ಧವನ್ನು ಸಾಮಾನ್ಯ ಬಿಳಿ ರಬ್ಬರಿನಿಂದ ಹತ್ತು ಸಲ ಉಜ್ಜಿ ಅಳಿಸಿ, ಅಳಿಸಿದ ಜಾಗದ ಮೇಲೆ ಅದೇ ಪೆನ್ಸಿಲ್ಲಿನಿಂದ ಮತ್ತೆ ತುಂಬಿ. ಹೊಸದಾಗಿ ತುಂಬಿದ ಅರ್ಧ ಪಕ್ಕದ ಅರ್ಧಕ್ಕಿಂತ ಕಪ್ಪಾಗಿ ಮಚ್ಚೆಮಚ್ಚೆಯಾಗಿ ಬಂದರೆ ನಾರು ಎದ್ದಿದೆ. ಆ ಕಾಗದ ಅಳಿಸದೆ ಬರೆಯಬಲ್ಲವರಿಗೆ ಮಾತ್ರ. ಕೊನೆಯದಾಗಿ ಖಾಲಿ ಜಾಗದಲ್ಲಿ 2ಎಚ್ ಮೊನೆಯಿಂದ ಒತ್ತಿ ಒಂದು ಗೆರೆ ಎಳೆದು, ಅಳಿಸಿ, ಅದರ ಮೇಲೆ 4ಬಿಯನ್ನು ಮಲಗಿಸಿ ಹಗುರವಾಗಿ ಸವರಿ. ಅಳಿಸಿದ ಗೆರೆ ಬಿಳಿಯಾಗಿ ಎದ್ದು ಬರುತ್ತದೆ. ಎಷ್ಟು ಒತ್ತಿದರೆ ಅದು ಏಳುತ್ತದೆ ಎಂಬುದನ್ನು ತಿಳಿದುಕೊಂಡರೆ, ಆ ಕಾಗದದ ಮೇಲೆ ಮೊದಲ ಕರಡು ಗೆರೆಗಳನ್ನು ಎಷ್ಟು ಹಗುರವಾಗಿ ಹಾಕಬೇಕೆಂಬ ಅಂದಾಜು ಕೈಗೆ ಸಿಕ್ಕಂತೆ. ವರ್ಷಗಟ್ಟಲೆ ಕುಸುರಿ ಕೆಲಸ ಮಾಡುವವರು ಇದೇ ಬಿಳಿ ಗೆರೆಯನ್ನು ಬೇಕೆಂದೇ ಬಳಸಿ ನರೆಗೂದಲು, ಬೆಕ್ಕಿನ ಮೀಸೆ ಬಿಡಿಸುವುದೂ ಉಂಟು.

ಬಾಳಿಕೆಯ ವಿಚಾರ ಅಭ್ಯಾಸದ ಹಾಳೆಗಳಿಗೆ ಅನ್ವಯಿಸುವುದಿಲ್ಲ. ಗೋಡೆಗೇರುವ, ಇನ್ನೊಬ್ಬರ ಕೈಗೆ ಹೋಗುವ ಚಿತ್ರಕ್ಕೆ ಮಾತ್ರ ನೋಡಿಕೊಳ್ಳಿ. ದಿನಪತ್ರಿಕೆ ಬಿಸಿಲಿನಲ್ಲಿ ನಾಲ್ಕು ದಿನ ಬಿದ್ದಿದ್ದರೆ ಹಳದಿಯಾಗುವುದು ಮರದ ತಿರುಳಿನಲ್ಲಿ ಉಳಿದಿರುವ ಲಿಗ್ನಿನ್ ಎಂಬ ಅಂಶದಿಂದ. ಹಳೆಯ ಪುಸ್ತಕಗಳ ಪುಟ ಮಡಚಿದರೆ ಮುರಿಯುವುದಕ್ಕೆ ಒಂದು ಮುಖ್ಯ ಕಾರಣ ಪಟಿಕ (ಆಲಂ) ಮತ್ತು ರಾಳದ ಸೈಜಿಂಗ್‌ನಿಂದ ಕಾಗದದೊಳಗೆ ಹುಟ್ಟುವ ಆಮ್ಲ. ಪ್ಯಾಡಿನ ಮೇಲೆ ಆಸಿಡ್ ಫ್ರೀ ಎಂದಿದ್ದರೆ ಒಳ್ಳೆಯದು, ಕಾಗದದ ಬಾಳಿಕೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 9706 ಎಂದಿದ್ದರೆ ಇನ್ನೂ ಒಳ್ಳೆಯದು. ನೂರಕ್ಕೆ ನೂರು ಕಾಟನ್ ಎಂಬ ಕಾಗದ ಬಾಳಿಕೆಯಲ್ಲಿ ಮೇಲು, ಬೆಲೆಯಲ್ಲೂ ಮೇಲು. ಆದರೆ ಕೆಲವು ಕಾಟನ್ ಕಾಗದಗಳ ಮೈ ಮರದ ತಿರುಳಿನ ಕಾಗದಕ್ಕಿಂತ ಮೆತ್ತಗಿರುವುದರಿಂದ ಮೇಲಿನ ರಬ್ಬರ್ ಪರೀಕ್ಷೆ ಇವಕ್ಕೂ ತಪ್ಪಿದ್ದಲ್ಲ. ಟ್ಯೂಬ್‌ಲೈಟಿನ ಕೆಳಗೆ ನೀಲಿ ಛಾಯೆಯಲ್ಲಿ ಹೊಳೆಯುವ ಅತಿ ಬಿಳಿ ಹಾಳೆಗೆ ಹೊಳಪಿನ ರಾಸಾಯನಿಕ ಬೆರೆಸಿರುತ್ತಾರೆ. ಕಾಲಾಂತರದಲ್ಲಿ ಅದು ಮಾಸುವುದರಿಂದ ನಾನು ಹಾಲುಕೆನೆಯ ಬಣ್ಣದ ಹಾಳೆಯನ್ನೇ ಆರಿಸುತ್ತೇನೆ.

ಶಾಲಾ ಪ್ರಾಜೆಕ್ಟುಗಳಿಗೆ ಬಳಸುವ ಐವರಿ ಶೀಟನ್ನು ಅನೇಕರು ಪೆನ್ಸಿಲ್ಲಿಗೂ ತರುತ್ತಾರೆ. ಅದರ ನಯ ಗೆರೆಗೆ ಚೆನ್ನ, ದಟ್ಟ ನೆರಳಿಗೆ ಸಾಲದು. ಚಾರ್ಟ್ ಪೇಪರನ್ನು ಚಾರ್ಟಿಗೇ ಬಿಡಿ. ಹೊಸಬರು ಕೇಳಿದರೆ ನಾನು ಹೇಳುವುದು ಒಂದೇ: ಎ4 ಅಳತೆಯ 150 ಜಿಎಸ್‌ಎಂ ಆಸುಪಾಸಿನ ಒಂದು ಕಾರ್ಟ್ರಿಜ್ ಪ್ಯಾಡ್ ತಂದು ಅದು ಮುಗಿಯುವವರೆಗೆ ಬೇರೆ ಕಾಗದ ಮುಟ್ಟಬೇಡಿ. ಆಮೇಲೆ 22ಕ್ಕೆ 30 ಇಂಚಿನ ಒಂದು ಫುಲ್ ಶೀಟ್ ಹಾಟ್ ಪ್ರೆಸ್ ತಂದರೆ ನಾಲ್ಕು ಕ್ವಾರ್ಟರ್ ಆಗುತ್ತದೆ, ಅದೇ ಕಾಗದದ ಪ್ಯಾಡಿಗಿಂತ ಸಾಮಾನ್ಯವಾಗಿ ಅಗ್ಗಕ್ಕೂ ಬೀಳುತ್ತದೆ.

ಕರಾವಳಿಯಲ್ಲಿ, ಮಲೆನಾಡಿನಲ್ಲಿ ಇರುವವರಿಗೆ ಇನ್ನೊಂದು ಮಾತು. ಕಾಗದ ಗಾಳಿಯಲ್ಲಿನ ನೀರನ್ನು ಹೀರುತ್ತದೆ. ತೇವ ಕುಡಿದ ಹಾಳೆಯ ಮೈ ಮೆತ್ತಗಾಗಿ ಒಳ್ಳೆಯ ಕಾಗದವೂ ರಬ್ಬರಿಗೆ ಸೋಲುತ್ತದೆ. ನಮ್ಮಜ್ಜಿಯ ಕೆನ್ನೆ ಹಾಳಾದದ್ದರಲ್ಲಿ ಮಳೆಯ ಪಾಲೂ ಇತ್ತೆಂದು ಈಗ ಅನಿಸುತ್ತದೆ. ಹಾಳೆಗಳನ್ನು ಸುರುಳಿ ಸುತ್ತದೆ, ಗೋಡೆಗೆ ಒರಗಿಸದೆ, ಎರಡು ರಟ್ಟುಗಳ ನಡುವೆ ಮಟ್ಟಸವಾಗಿ ಇಟ್ಟು, ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವಂಥ ಸಿಲಿಕಾ ಜೆಲ್ ಪೊಟ್ಟಣಗಳನ್ನು ಜೊತೆಗೆ ಹಾಕಿ ಪ್ಲಾಸ್ಟಿಕ್ ಕವರಿನಲ್ಲಿ ಮುಚ್ಚಿಡಿ. ಬೆಳ್ಳಿಹುಳಕ್ಕೆ ಗಂಜಿಯೆಂದರೆ ಪ್ರಾಣ, ಆದ್ದರಿಂದ ತಿಂಗಳಿಗೊಮ್ಮೆ ತೆಗೆದು ಕೊಡವಿ. ಪರೀಕ್ಷೆ ಮಾಡಿದ ಪಟ್ಟಿಗಳನ್ನು ಎಸೆಯಬೇಡಿ. ಹಿಂಬದಿಗೆ ಕಾಗದದ ಹೆಸರು, ಜಿಎಸ್‌ಎಂ, ತಿಂಗಳು ಬರೆದು ಒಂದು ಲಕೋಟೆಯಲ್ಲಿ ಹಾಕಿಡಿ. ಮುಂದಿನ ಸಲ ಅಂಗಡಿಗೆ ಹೋಗುವಾಗ ಆ ಲಕೋಟೆ ಚೀಲದಲ್ಲಿರಲಿ.