ಹಳೆ ಕಾಗದದ ಸುರುಳಿಯಿಂದ ಯುರೇನಿಯಂ ಲೆಕ್ಕ: ನನ್ನ ಅನುಭವ

ಬೆಂಗಳೂರಲ್ಲಿ ಕೂತು ಯುರೇನಿಯಂ ಹೇಗೆ ಹುಡುಕ್ತೀರಿ ಅಂತ ತುಂಬಾ ಜನ ಕೇಳುತ್ತಾರೆ. ಹೊಸದಾಗಿ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗಂತೂ ಇದನ್ನು ಹೇಳಲೇಬೇಕು ಅನ್ನಿಸಿ ಬರೆಯುತ್ತಿದ್ದೇನೆ. ನಾನು ಭೂವಿಜ್ಞಾನಿ. ಜಯನಗರದ ಒಂದು ಸಣ್ಣ ಕಚೇರಿಯಲ್ಲಿ ನಾವು ಆರು ಜನ ಇದ್ದೇವೆ. ಹೊರದೇಶದ ಗಣಿ ಕಂಪನಿಗಳಿಗೆ ನೆಲದೊಳಗೆ ಎಷ್ಟು ಅದಿರಿದೆ ಅಂತ ಲೆಕ್ಕ ಹಾಕಿಕೊಡುವುದು ನಮ್ಮ ಕೆಲಸ. 2024ರ ಜನವರಿಯಲ್ಲಿ ಯುರೇನಿಯಂ ಬೆಲೆ ಪೌಂಡಿಗೆ 100 ಡಾಲರ್ ದಾಟಿತಲ್ಲ, ಅದಾದ ಸ್ವಲ್ಪ ದಿನಕ್ಕೆ ಅಮೆರಿಕದ ಕೊಲರಾಡೊದಿಂದ ಒಂದು ಕೆಲಸ ಬಂತು. ಜೊತೆಗೆ ಒಂದು ಹಾರ್ಡ್ ಡಿಸ್ಕ್. ಅದರ ತುಂಬ ಹಳೆ ಗಾಮಾ ಲಾಗ್‌ಗಳ, ಅಂದರೆ ಬೋರ್‌ನೊಳಗಿನ ವಿಕಿರಣವನ್ನು ಕಾಗದದ ಸುರುಳಿಯ ಮೇಲೆ ದಾಖಲಿಸಿದ್ದರ ಸ್ಕ್ಯಾನ್, ಸಾವಿರಕ್ಕೂ ಜಾಸ್ತಿ.

ಜಾಗದ ಹೆಸರು ಯುರಾವನ್ ಪಟ್ಟಿ. ಯುರೇನಿಯಂ, ವೆನೇಡಿಯಂ ಎರಡನ್ನೂ ಸೇರಿಸಿ ಮಾಡಿದ ಹೆಸರು. ಅಲ್ಲಿನ ಹಳದಿ ಖನಿಜಕ್ಕೆ ಕಾರ್ನೊಟೈಟ್ ಅಂತ ಹೆಸರಿಟ್ಟದ್ದು 1899ರಲ್ಲಿ. ಮೊದಲು ರೇಡಿಯಂಗಾಗಿ ಅಗೆದರು. 1921ರಲ್ಲಿ ಅಮೆರಿಕ ಮೇರಿ ಕ್ಯೂರಿಗೆ ಕೊಟ್ಟ 1 ಗ್ರಾಂ ರೇಡಿಯಂ ಬಂದದ್ದು ಈ ಕಡೆಯ ಕಲ್ಲಿನಿಂದಲೇ. ಆಮೇಲೆ ಉಕ್ಕಿಗೆ ಸೇರಿಸಲು ವೆನೇಡಿಯಂ ಬೇಕಾಯಿತು, 1936ರಲ್ಲಿ ಯುರಾವನ್ ಅಂತ ಒಂದು ಊರನ್ನೇ ಕಟ್ಟಿದರು. ಎರಡನೇ ಮಹಾಯುದ್ಧದ ಹೊತ್ತಿಗೆ ಅಣುಬಾಂಬ್ ಮಾಡುತ್ತಿದ್ದ ಮ್ಯಾನ್‌ಹಟನ್ ಯೋಜನೆಯವರು ಬಂದು, ವೆನೇಡಿಯಂ ತೆಗೆದು ಬಿಸಾಡಿದ್ದ ಪುಡಿಯಿಂದಲೇ ಯುರೇನಿಯಂ ತೆಗೆದರು. ಒಂದೇ ಕಲ್ಲನ್ನು ಮೂರು ಕಾಲದವರು ಮೂರು ಕಾರಣಕ್ಕೆ ಅಗೆದಿದ್ದಾರೆ. 1984ರಲ್ಲಿ ಅಲ್ಲಿನ ಕಾರ್ಖಾನೆ ನಿಂತಿತು. ಈಗ ಆ ಊರೇ ಇಲ್ಲ, ಮನೆಗಳನ್ನೆಲ್ಲ ಕೆಡವಿ ಮಣ್ಣು ಬಗೆದು ಸ್ವಚ್ಛ ಮಾಡಿದ್ದಾರೆ.

ಇಂಥ ಕಡೆ ಮೊದಲ ಕೆಲಸ ಬೋರ್ ಕೊರೆಯುವುದಲ್ಲ. ಹಿಂದಿನವರು ಬಿಟ್ಟುಹೋದದ್ದನ್ನು ಓದುವುದು. ಅದನ್ನು ನಂಬಬಹುದಾ ಅಂತ ಒಂದೊಂದನ್ನೇ ಪರೀಕ್ಷೆ ಮಾಡುವುದು. ನಮಗೆ ಇದಕ್ಕೇ ಹದಿನಾಲ್ಕು ತಿಂಗಳು ಹಿಡಿಯಿತು.

ಮೊದಲ ವಾರವೇ ಎಡವಿದೆವು. ಬೋರ್‌ಗಳ ಜಾಗವನ್ನೆಲ್ಲ ಕಂಪ್ಯೂಟರ್‌ಗೆ ಹಾಕಿ, ಮೇಲೆ ಇವತ್ತಿನ ನೆಲದ ನಕ್ಷೆ ಹೊದಿಸಿ ತಿರುಗಿಸಿ ನೋಡಿದರೆ ನಲವತ್ತಕ್ಕೂ ಜಾಸ್ತಿ ಬೋರ್‌ಗಳು ಕಣಿವೆಯ ಮೇಲೆ ಗಾಳಿಯಲ್ಲಿ ನೇತಾಡುತ್ತಿದ್ದವು. ಆ ಪ್ರದೇಶ ಹೇಗಿದೆ ಅಂದರೆ, ಮೇಲೆ ಮೇಜಿನ ಥರ ಚಪ್ಪಟೆ ಬೆಟ್ಟ, ಪಕ್ಕದಲ್ಲೇ ಕಡಿದಾದ ಕಣಿವೆ. ಬೆಟ್ಟದ ಮೇಲೆ ಕೊರೆದ ಬೋರ್ ಒಂದಿಷ್ಟು ಪಕ್ಕಕ್ಕೆ ಸರಿದರೂ ಕೆಳಗೆ ನೆಲವೇ ಇರುವುದಿಲ್ಲ. ಎರಡು ದಿನ ತಲೆ ಕೆಟ್ಟುಹೋಯಿತು. ಕೊನೆಗೆ ಹಳೆ ನಕ್ಷೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ 1927 ಅಂತ ಇದ್ದದ್ದು ಕಣ್ಣಿಗೆ ಬಿತ್ತು. ನೆಲದ ಮೇಲೆ ಜಾಗ ಗುರುತಿಸಲು ಆಗ ಬಳಸಿದ ಅಳತೆಯ ಆಧಾರ 1927ರದ್ದು, ನಾವು ಹಾಕಿದ್ದು 1983ರದ್ದು. ಎರಡರ ಮಧ್ಯೆ ಅಲ್ಲಿ ಸುಮಾರು 200 ಮೀಟರ್ ವ್ಯತ್ಯಾಸ ಬರುತ್ತದೆ, ನಮ್ಮ ಬೋರ್‌ಗಳೆಲ್ಲ ಅಷ್ಟು ದಕ್ಷಿಣಕ್ಕೆ ಹೋಗಿದ್ದವು. ಸರಿಪಡಿಸಿದ ತಕ್ಷಣ ಎಲ್ಲ ಬಂದು ಬೆಟ್ಟದ ಮೇಲೆ ಕೂತವು. ಬೆಟ್ಟ ಚಪ್ಪಟೆ ಇದ್ದು ಕಣಿವೆ ಇಲ್ಲದೇ ಹೋಗಿದ್ದರೆ ಈ ತಪ್ಪು ನಮಗೆ ಕಾಣಿಸುತ್ತಲೇ ಇರಲಿಲ್ಲ. ಅದನ್ನು ನೆನೆದರೆ ಈಗಲೂ ಭಯವಾಗುತ್ತದೆ.

ಆಮೇಲೆ ಲಾಗ್‌ಗಳು. ಗಾಮಾ ಲಾಗ್ ಅಂದರೆ ಬೋರ್‌ನೊಳಗೆ ವಿಕಿರಣ ಎಣಿಸುವ ಉಪಕರಣ ಇಳಿಸಿ ಮೇಲೆ ಎಳೆಯುತ್ತಾರೆ, ಮೇಲೆ ಕಾಗದದ ಮೇಲೆ ಪೆನ್ನು ಗೀಟು ಎಳೆಯುತ್ತಾ ಹೋಗುತ್ತದೆ. ಗೀಟು ಎಲ್ಲಿ ಉಬ್ಬಿದೆಯೋ ಅಲ್ಲಿ ವಿಕಿರಣ ಜಾಸ್ತಿ. ಆ ಉಬ್ಬಿನ ವಿಸ್ತೀರ್ಣವನ್ನು ಉಪಕರಣದ ಕೆ ಗುಣಕದಿಂದ, ಅಂದರೆ ಎಣಿಕೆಯನ್ನು ಅದಿರಿನ ಅಂಶಕ್ಕೆ ಬದಲಿಸುವ ಸಂಖ್ಯೆಯಿಂದ, ಗುಣಿಸಿದರೆ ಅದಿರಿನ ದಪ್ಪ ಮತ್ತು ಯುರೇನಿಯಂ ಆಕ್ಸೈಡ್ ಅಂಶದ ಗುಣಲಬ್ಧ ಸಿಗುತ್ತದೆ. 3 ಅಡಿ ದಪ್ಪಕ್ಕೆ ಶೇಕಡಾ 0.20 ಇದ್ದರೆ 0.60. ನಮ್ಮ ಇಡೀ ನಕ್ಷೆ ನಿಂತಿರುವುದೇ ಈ ಸಂಖ್ಯೆಯ ಮೇಲೆ.

ತೊಂದರೆ ಏನಪ್ಪಾ ಅಂದರೆ, ಅದಿರು ಚೆನ್ನಾಗಿರುವ ಕಡೆಯೇ ಪೆನ್ನು ಕಾಗದದ ಅಂಚಿಗೆ ಹೋಗಿ ತಗುಲಿ ನಿಂತುಬಿಡುತ್ತದೆ. ಆಗ ಲಾಗ್ ಮಾಡುವವನು ಸ್ಕೇಲ್ ಬದಲಿಸಿ ಅಷ್ಟು ಭಾಗವನ್ನು ಮತ್ತೆ ಎಳೆಯುತ್ತಿದ್ದ, ಹೊಸ ಸ್ಕೇಲನ್ನು ಪೆನ್ಸಿಲ್‌ನಲ್ಲಿ ಪಕ್ಕಕ್ಕೆ ಗೀಚುತ್ತಿದ್ದ. ಸುರುಳಿಗಳನ್ನು ಮೊದಲು ಡಿಜಿಟಲ್ ಮಾಡಿದವರು ತಲೆಬರಹದ ಸ್ಕೇಲನ್ನೇ ಕೊನೆತನಕ ಹಿಡಿದಿದ್ದರು. ಹಾಗಾಗಿ ಒಳ್ಳೆ ಅದಿರಿರುವ ಬೋರ್‌ಗಳೇ ಲೆಕ್ಕದಲ್ಲಿ ಬಡವಾಗಿದ್ದವು. ಒಂದೊಂದು ಸುರುಳಿಯನ್ನೂ ಪರದೆಯ ಮೇಲೆ ದೊಡ್ಡದು ಮಾಡಿ ಮತ್ತೆ ಓದಿದೆವು. ಎಣಿಕೆ ತೀರಾ ಜಾಸ್ತಿಯಾದಾಗ ಉಪಕರಣಕ್ಕೆ ಎಣಿಸಲು ಪುರುಸೊತ್ತು ಸಿಗದೆ ಕೆಲವನ್ನು ಬಿಡುತ್ತದೆ, ಅದಕ್ಕೂ ತಿದ್ದುಪಡಿ ಬೇಕು. ಬೋರ್‌ನಲ್ಲಿ ನೀರಿದ್ದರೆ ಇನ್ನೊಂದು. ಕೆ ಗುಣಕ ಸಿಗುವುದು ಗ್ರ್ಯಾಂಡ್ ಜಂಕ್ಷನ್ ಊರಿನಲ್ಲಿರುವ ಪರೀಕ್ಷಾ ಗುಂಡಿಗಳಿಂದ, ಅಲ್ಲಿ ಅಂಶ ಎಷ್ಟು ಅಂತ ಮೊದಲೇ ಗೊತ್ತಿರುವ ಕಾಂಕ್ರೀಟ್ ಇದೆ. ಯಾವ ಲಾಗ್‌ಗೆ ಕೆ ಗುಣಕದ ಚೀಟಿ ಸಿಗಲಿಲ್ಲವೋ ಅದನ್ನು ಲೆಕ್ಕದಿಂದ ತೆಗೆದುಬಿಟ್ಟೆ. ಅದಿರು ಇದೆಯೋ ಇಲ್ಲವೋ ಅನ್ನುವುದಕ್ಕೆ ಮಾತ್ರ ಇಟ್ಟುಕೊಂಡೆ. ಕಂಪನಿಯವರಿಗೆ ಇಷ್ಟವಾಗಲಿಲ್ಲ, ಆದರೆ ಅಂದಾಜಿನ ಗುಣಕ ಹಾಕಲು ನನಗೆ ಮನಸ್ಸು ಒಪ್ಪಲಿಲ್ಲ.

ಇಷ್ಟೆಲ್ಲ ಮಾಡಿದರೂ ಗಾಮಾ ಲಾಗ್ ಯುರೇನಿಯಂ ಅನ್ನು ನೋಡುವುದೇ ಇಲ್ಲ! ನನಗೆ ಇದನ್ನು ಮನಸ್ಸಿಗೆ ಇಳಿಯುವಂತೆ ಹೇಳಿದವರು ನಮಗೆ ಸಲಹೆ ಕೊಡಲು ಬರುತ್ತಿದ್ದ ಒಬ್ಬ ಹಿರಿಯರು. ನಾಗರಬಾವಿಯ ಪರಮಾಣು ಖನಿಜ ನಿರ್ದೇಶನಾಲಯದಲ್ಲಿ ಇದ್ದು ನಿವೃತ್ತರಾದವರು. ಒಂದು ದಿನ ಕಾಫಿ ಲೋಟ ಕೆಳಗಿಟ್ಟು ಹೇಳಿದರು: “ನೋಡಮ್ಮ, ಒಗ್ಗರಣೆ ವಾಸನೆ ಬಂತು ಅಂತ ಪಾತ್ರೇಲಿ ಸಾರು ಇರಲೇಬೇಕು ಅಂತಿಲ್ಲ. ಯಾರೋ ಆಗಲೇ ಬಡಿಸಿಕೊಂಡು ಹೋಗಿರಬಹುದು. ಈಗ ತಾನೆ ಒಲೆಗಿಟ್ಟ ಸಾರಿಗೆ ವಾಸನೇನೇ ಬರಲ್ಲ.” ಗಾಮಾ ಕಿರಣ ಹೆಚ್ಚಾಗಿ ಹೊರಡುವುದು ಯುರೇನಿಯಂ ಒಡೆದು ರೇಡಿಯಂ ಆಗಿ, ಅದೂ ಒಡೆದ ಮೇಲೆ ಬರುವ ಬಿಸ್ಮತ್, ಸೀಸದ ಪರಮಾಣುಗಳಿಂದ. ಅಂತರ್ಜಲ ಯುರೇನಿಯಂ ಅನ್ನು ಕರಗಿಸಿ ಒಯ್ದು ರೇಡಿಯಂ ಅನ್ನು ಅಲ್ಲೇ ಬಿಟ್ಟಿದ್ದರೆ ಗೀಟು ಉಬ್ಬುತ್ತದೆ, ಕಲ್ಲಲ್ಲಿ ಏನೂ ಇರುವುದಿಲ್ಲ. ಹಾಗಾಗಿ ಕಲ್ಲಿನ ಕೋರ್, ಅಂದರೆ ಬೋರ್‌ನಿಂದ ಕೋಲಿನ ಹಾಗೆ ಇಡಿಯಾಗಿ ಬರುವ ಕಲ್ಲು, ತೆಗೆದು ರಾಸಾಯನಿಕ ಪರೀಕ್ಷೆ ಮಾಡಿಸಿ ಹೋಲಿಸಲೇಬೇಕು. ವೆನೇಡಿಯಂ ಕಥೆ ಇನ್ನೂ ಕಷ್ಟ, ಅದು ವಿಕಿರಣವನ್ನೇ ಸೂಸುವುದಿಲ್ಲ. ಕೋರ್ ಇಲ್ಲದ ಹಳೆ ಬೋರ್‌ಗಳಲ್ಲಿ ವೆನೇಡಿಯಂ ಎಷ್ಟು ಅಂತ ಯಾರೂ ಅಳೆದಿಲ್ಲ. ಯುರೇನಿಯಂನ ಇಷ್ಟು ಪಟ್ಟು ಅಂತ ಸುಮ್ನೆ ಗುಣಿಸುವ ರೂಢಿ ಇದೆ, ನಾನು ಅದನ್ನು ವರದಿಯಲ್ಲಿ ಬೇರೆ ಕೋಷ್ಟಕದಲ್ಲಿಟ್ಟೆ.

ಹಳೆ ಬೋರ್‌ಗಳ ಪಕ್ಕದಲ್ಲೇ ಹೊಸದಾಗಿ ಕೊರೆಯುವುದಕ್ಕೆ ಅವಳಿ ಬೋರ್ ಅನ್ನುತ್ತೇವೆ. ಗಣಿ ಕಂಪನಿಗಳು ಅದಿರಿನ ಲೆಕ್ಕವನ್ನು ಹೇಗೆ ಪ್ರಕಟಿಸಬೇಕು ಅನ್ನುವ ಕೆನಡಾದ ಎನ್‌ಐ 43-101 ನಿಯಮದ ಪ್ರಕಾರ ಹಳೆ ಲೆಕ್ಕವನ್ನು ಇಂದಿನ ಲೆಕ್ಕ ಅಂತ ಹೇಳುವ ಹಾಗಿಲ್ಲ, ಅರ್ಹ ವ್ಯಕ್ತಿಯೊಬ್ಬರು ಪರೀಕ್ಷಿಸಿ ಸಹಿ ಹಾಕಬೇಕು. ಆ ಪರೀಕ್ಷೆಗಾಗಿ ನಾವು ಅವಳಿ ಬೋರ್ ಹಾಕಿಸಿದೆವು. ಆರು ವಾರ ನಾನೂ ಅಲ್ಲಿದ್ದೆ. ಮೊದಲ ಒಳ್ಳೆ ಕೋರ್ ಹೊರಬಂದಾಗ ಬೂದು ಮರಳುಗಲ್ಲಿನ ಮಧ್ಯೆ ಕಲ್ಲಾಗಿ ಹೋದ ಮರದ ತುಂಡು, ಅದರ ಸುತ್ತ ಅರಿಶಿನ ಕದಡಿದ ಹಾಗೆ ಹಳದಿ. ಜುರಾಸಿಕ್ ಕಾಲದ ನದಿ ಹೊತ್ತು ತಂದು ಮರಳಲ್ಲಿ ಹೂತ ಮರ. ಆಮ್ಲಜನಕ ಇರುವ ನೀರಲ್ಲಿ ಯುರೇನಿಯಂ ಕರಗಿ ಹರಿಯುತ್ತದೆ, ಇಂಥ ಕೊಳೆತ ಗಿಡಮರ ಸಿಕ್ಕ ಕಡೆ ನಿಂತು ಗಟ್ಟಿಯಾಗುತ್ತದೆ. ಅದಕ್ಕೇ ಅಲ್ಲಿನ ಹಳಬರು ಬಣ್ಣ ನೋಡುತ್ತಿದ್ದರು. ಮರಳುಗಲ್ಲು 40 ಅಡಿಗಿಂತ ದಪ್ಪ ಇದೆಯಾ, ಅದರ ಕೆಳಗಿನ ಜೇಡಿಗಲ್ಲು ಕೆಂಪು ಬಿಟ್ಟು ಬೂದುಹಸಿರು ಆಗಿದೆಯಾ ಅಂತ. ನಾನೂ ಹಳೆ ಲಾಗ್‌ಗಳಿಂದ ಜೇಡಿಗಲ್ಲಿನ ಬಣ್ಣ ಎತ್ತಿಕೊಂಡು ನಕ್ಷೆ ಮಾಡಿದೆ. ಹೊಸ ಬೋರ್ ಎಲ್ಲಿ ಹಾಕಬೇಕು ಅನ್ನುವುದಕ್ಕೆ ಅಷ್ಟು ಉಪಯೋಗವಾದ ನಕ್ಷೆ ಇನ್ನೊಂದಿಲ್ಲ.

ಅವಳಿ ಬೋರ್‌ಗಳಲ್ಲಿ ಹೆಚ್ಚಿನವು ಹಳೆಯದಕ್ಕೆ ಹೊಂದಿದವು. ಒಂದು ಹೊಂದಲಿಲ್ಲ, ಅದರ ಕಥೆ ಹೇಳಬೇಕು.

ಬೆಂಗಳೂರಲ್ಲಿದ್ದಾಗಲೇ ಒಂದು ಗುಂಪು ಲಾಗ್‌ಗಳ ಅಂಚಿನಲ್ಲಿ ಒಂದೇ ಥರದ ಟಿಪ್ಪಣಿ ನೋಡಿದ್ದೆ. 200 ಅಡಿ ಆಸುಪಾಸು “ನೀರು ವಾಪಸ್ ಬರಲಿಲ್ಲ” ಅನ್ನುವ ಅರ್ಥದ ಎರಡು ಪದ. ಕೊರೆಯುವಾಗ ಒಳಗೆ ಬಿಟ್ಟ ನೀರು ಮೇಲೆ ಬರದೆ ಎಲ್ಲೋ ಹೋಯಿತು ಅಂತ. ಬಿರುಕಿದ್ದರೂ ಹಾಗಾಗುತ್ತದೆ. ಆದರೆ ಅಂಥ ಒಂಬತ್ತು ಬೋರ್‌ಗಳನ್ನು ನಕ್ಷೆಯಲ್ಲಿ ಕೆಂಪು ಚುಕ್ಕೆ ಮಾಡಿದರೆ ಒಂದು ಸಾಲಾಗಿ ನಿಂತು, ಕೊನೆಗೆ ಹಳೆ ನದಿಯ ತಿರುವಿನ ಕಡೆ ಬಾಗಿದ್ದವು. ಬಿರುಕು ಹಾಗೆ ಬಾಗಲ್ಲ. ಅದಿರಿನ ಹಿಂದೆ ಹೋಗುವ ಸುರಂಗ ಬಾಗುತ್ತದೆ. ಕಂಪನಿಯ ಹತ್ತಿರವಿದ್ದ ಯಾವ ಗಣಿ ನಕ್ಷೆಯಲ್ಲೂ ಅಲ್ಲಿ ಸುರಂಗ ಇರಲಿಲ್ಲ. ಅವರ ಲೆಕ್ಕದಲ್ಲಿ ಅತಿ ಒಳ್ಳೆ ಅದಿರಿದ್ದದ್ದು ಅದೇ ಜಾಗದಲ್ಲಿ.

ಅಲ್ಲಿ ಹಾಕಿದ ಅವಳಿ ಬೋರ್ 208 ಅಡಿಗೆ ಟೊಳ್ಳಿಗೆ ಬಿತ್ತು. ಕ್ಯಾಮೆರಾ ಇಳಿಸಿದೆವು. ಮರದ ಕಂಬಗಳು, ನೆಲದಲ್ಲಿ ಒಂದು ತಗಡಿನ ಡಬ್ಬಿ, ಗೋಡೆಯಲ್ಲಿ ಡ್ರಿಲ್ ಗುರುತು. ಯಾರೂ ಏನೂ ಮಾತಾಡಲಿಲ್ಲ. ನನಗಂತೂ ನಮ್ಮ ಮನೆಯೇ ನೆನಪಾಯಿತು. ತಾತ ಕೆಜಿಎಫ್ ಗಣಿಯಲ್ಲಿ ದುಡಿದು, ಕಲ್ಲಿನ ಧೂಳಿನಿಂದ ಶ್ವಾಸಕೋಶಕ್ಕೆ ಬರುವ ಸಿಲಿಕೋಸಿಸ್ ಕಾಯಿಲೆಯಿಂದ ಹೋದರು. ಅಪ್ಪ 2001ರಲ್ಲಿ ಗಣಿ ಮುಚ್ಚುವ ತನಕ ಒಳಗೆ ಮರದ ಕೆಲಸ ಮಾಡಿದವರು. ಕೊಲರಾಡೊದ ಈ ಸುರಂಗಗಳಲ್ಲಿ ಧೂಳಿನ ಜೊತೆಗೆ, ಯುರೇನಿಯಂ ಕಲ್ಲಿನಿಂದ ಹೊರಡುವ ವಿಕಿರಣದ ಅನಿಲ ರೇಡಾನ್ ಕೂಡ ಇತ್ತು. ಗಾಳಿಯ ವ್ಯವಸ್ಥೆ ಸರಿಯಿಲ್ಲದ ಇಂಥ ಬಿಲಗಳಲ್ಲಿ ದುಡಿದ ಎಷ್ಟೋ ಜನಕ್ಕೆ, ನವಾಹೊ ಬುಡಕಟ್ಟಿನವರಿಗೂ ಸೇರಿ, ಶ್ವಾಸಕೋಶದ ಕ್ಯಾನ್ಸರ್ ಬಂತು. ಅಮೆರಿಕ ಅವರಿಗೆ ಪರಿಹಾರದ ಕಾನೂನು ಮಾಡಿದ್ದು 1990ರಲ್ಲಿ. ಅಷ್ಟು ಹೊತ್ತಿಗೆ ತುಂಬಾ ಜನ ಉಳಿದಿರಲಿಲ್ಲ.

ಆ ಭಾಗದ ಅದಿರನ್ನು ಪೂರ್ತಿ ಲೆಕ್ಕದಿಂದ ತೆಗೆದೆವು. ಸುತ್ತ 15 ಮೀಟರ್ ಪಟ್ಟಿಯನ್ನೂ ಬಿಟ್ಟೆವು. ರಾತ್ರಿ ಕ್ಯಾಮೆರಾದ ಚಿತ್ರವನ್ನು ಅಪ್ಪನಿಗೆ ಕಳಿಸಿದೆ. ಬಂಗಾರಪೇಟೆಯಲ್ಲಿ ಆಗ ಬೆಳಗ್ಗೆ. ಅಪ್ಪ ಫೋನ್ ಮಾಡಿದರು.

“ಆ ಕಂಬಗಳ ಮೇಲೆ ನೋಡು ಮಗಳೇ, ಅಡ್ಡ ಹಲಗೆ ಒತ್ತೊತ್ತಾಗಿ ಹಾಕಿದಾರೆ. ಸುಮ್ನೆ ಹಂಗೆ ಹಾಕಲ್ಲ. ಅಲ್ಲಿ ಮೇಲಿನ ಕಲ್ಲು ಉದುರ್ತಿತ್ತು.”

ಮಾರನೇ ದಿನ ಕೋರ್ ಪೆಟ್ಟಿಗೆಗಳನ್ನು ಮತ್ತೆ ತೆಗೆಸಿ, ಅದಿರಿನ ಮೇಲಿನ 10 ಅಡಿ ಕಲ್ಲನ್ನು ನೋಡಿದೆ. ತೆಳ್ಳಗಿನ ಜೇಡಿಗಲ್ಲಿನ ಪದರ, ಕೈಯಲ್ಲಿ ಹಿಡಿದರೆ ಬಿಲ್ಲೆ ಬಿಲ್ಲೆಯಾಗಿ ಬಿಡುತ್ತಿತ್ತು. ಸುತ್ತಲಿನ ಬೋರ್‌ಗಳಲ್ಲೂ ಅದೇ. ವರದಿಯಲ್ಲಿ ಮೇಲ್ಛಾವಣಿ ಕಲ್ಲಿನ ಬಗ್ಗೆ ಬೇರೆ ಅಧ್ಯಾಯ ಸೇರಿಸಿದೆ. ಆ ಪದರ ಎಲ್ಲೆಲ್ಲಿ ಹಬ್ಬಿದೆ ಅನ್ನುವ ನಕ್ಷೆಯನ್ನು ಈಗ ಮಾಡುತ್ತಿದ್ದೇನೆ.