ಇಲಾನ್‌ನಲ್ಲಿ ಮಗುವಿನ ವಿಡಿಯೊಗೂ ಧ್ವನಿಗೂ ತಾಳೆಯಾಗದಿದ್ದರೆ

ಕುಮಟಾ, ಅಂಕೋಲಾ ಕಡೆಯ ಮನೆಗಳಲ್ಲಿ ಮೊಬೈಲಿನಲ್ಲಿ ಹಿಡಿದ 20 ನಿಮಿಷದ ತಾಯಿ-ಮಗುವಿನ ಆಟ. ಅದನ್ನು ಇಲಾನ್‌ನಲ್ಲಿ (ELAN, ವಿಡಿಯೊ-ಧ್ವನಿಯ ಮೇಲೆ ಸಮಯದ ಗುರುತು, ಟಿಪ್ಪಣಿ ಹಾಕುವ ತಂತ್ರಾಂಶ) ತೆರೆದರೆ ಶುರುವಿನಲ್ಲಿ ಎಲ್ಲ ಸರಿ, ಕೊನೆಗೆ ಬರುವಷ್ಟರಲ್ಲಿ ಧ್ವನಿಗೂ ಚಿತ್ರಕ್ಕೂ ಅರ್ಧ ಸೆಕೆಂಡ್ ವ್ಯತ್ಯಾಸ. ತಾಯಿ "ಕಾಕೆ ನೋಡು" ಅಂದ ಮೇಲೆ ಮಗು ತಿರುಗಿತೋ, ಮೊದಲೇ ತಿರುಗಿತ್ತೋ ಹೇಳುವಂತಿಲ್ಲ.

ಮೆಮೊರಿ ಕಾರ್ಡ್ ಬದಲಿಸಿದ್ದು, ಬೇರೆ ಲ್ಯಾಪ್‌ಟಾಪ್ ಹಿಡಿದದ್ದು ವ್ಯರ್ಥ. ಆಫ್‌ಸೆಟ್ ಕೊಟ್ಟು ಒಟ್ಟಾರೆ ಹಿಂದೆಮುಂದೆ ಸರಿಸಿದರೆ ಕೊನೆ ಸರಿಯಾಗಿ ಶುರು ಕೆಡುತ್ತದೆ. ವ್ಯತ್ಯಾಸ ಬೆಳೆಯುತ್ತ ಹೋಗುವಂಥದ್ದು.

ಮೀಡಿಯಾಇನ್ಫೊದಲ್ಲಿ (ಕಡತದ ವಿವರ ತೋರಿಸುವ ತಂತ್ರಾಂಶ) ಫ್ರೇಮ್ ರೇಟ್ ಮೋಡ್ ನೋಡಿ; ಫ್ರೇಮ್ ರೇಟ್ ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ (ಫ್ರೇಮ್) ಅನ್ನುವುದು. 'ವೇರಿಯಬಲ್' (ಬದಲಾಗುತ್ತ ಇರುವುದು) ಅಂತಿದ್ದರೆ ಅದೇ ಕಾರಣ. ಮಳೆಗಾಲದಲ್ಲಿ ನಮ್ಮ ಕಡೆ ಜಗಲಿ ಹಗಲಲ್ಲೂ ಕತ್ತಲೆ. ಬೆಳಕು ಕಮ್ಮಿಯಾದರೆ ಫೋನು ತಾನೇ ಫ್ರೇಮ್ ಇಳಿಸುತ್ತದೆ.

ವಿಡಿಯೊವನ್ನು ಹೊಸ ಕಡತವಾಗಿ ಪರಿವರ್ತಿಸುವ ಹ್ಯಾಂಡ್‌ಬ್ರೇಕ್ ತಂತ್ರಾಂಶದ ವಿಡಿಯೊ ಟ್ಯಾಬ್‌ನಲ್ಲಿ ಫ್ರೇಮ್‌ರೇಟ್ 30, ಪಕ್ಕದಲ್ಲಿ 'ಕಾನ್‌ಸ್ಟಂಟ್ ಫ್ರೇಮ್‌ರೇಟ್', ಆರ್‌ಎಫ್ (ಚಿತ್ರದ ಗುಣಮಟ್ಟದ ಅಂಕಿ) 20. 'ಪೀಕ್ ಫ್ರೇಮ್‌ರೇಟ್' ಅಂತಲೇ ಇರಲು ಬಿಟ್ಟರೆ ಮತ್ತೆ ಅದೇ ಹಾಡು. ಧ್ವನಿಯ ವೇವ್ (WAV) ಕಡತವನ್ನು ಹೊಸ ಎಂಪಿ4ನಿಂದಲೇ ತೆಗೆಯಬೇಕು, ಹಳೆಯದರಿಂದ ಅಲ್ಲ. ನಾವು ಎಡವಿದ್ದು ಇಲ್ಲೇ. ಹೊಸ ಎಂಪಿ4, ವೇವ್ ಎರಡನ್ನೂ ಇಲಾನ್‌ಗೆ ಜೋಡಿಸಿದ ಮೇಲೆಯೇ ಕೋಡಿಂಗ್, ಅಂದರೆ ಯಾರು ಯಾವಾಗ ಏನು ಮಾಡಿದರು ಅಂತ ಗುರುತು ಹಾಕುವುದು. ಹಳೆಯ ಕಡತದ ಮೇಲೆ ಹಾಕಿದ ಗುರುತುಗಳನ್ನು ನಂಬಬೇಡಿ, ಮತ್ತೆ ನೋಡಿ.

ಈಗ ರೆಕಾರ್ಡಿಂಗಿನ ಮೊದಲಿಗೊಂದು, ಕೊನೆಗೊಂದು ಚಪ್ಪಾಳೆ ಕ್ಯಾಮೆರಾ ಎದುರಿಗೇ ಹೊಡೆಯುತ್ತೇವೆ. ಎರಡೂ ಕಡೆ ಕೈ ಕೂಡುವ ಫ್ರೇಮಿಗೂ ಧ್ವನಿಯ ಅಲೆಯಲ್ಲಿ ಕಾಣುವ ಸದ್ದಿನ ಮೊನೆಗೂ ಒಂದು ಫ್ರೇಮಿಗಿಂತ, ಅಂದರೆ ಸುಮಾರು 33 ಮಿಲಿಸೆಕೆಂಡಿಗಿಂತ, ಹೆಚ್ಚು ಅಂತರ ಇರಬಾರದು.